ಕಾಣದ ತರಗತಿಯಲ್ಲಿ ಮಾತು ಬೆಳೆಸುವುದು: ಓದುಗರ ಪ್ರಶ್ನೆ, ಉತ್ತರ

ಆನ್‌ಲೈನ್ ಕೋರ್ಸುಗಳಲ್ಲಿ ಕಲಿಸುವವರು, ಚರ್ಚೆ ನಡೆಸುವವರು ತಮಗೆ ಎದುರಾಗುವ ತೊಡಕುಗಳನ್ನು ಬರೆದು ಕಳುಹಿಸಬೇಕೆಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಅಧ್ಯಯನ ಕೇಂದ್ರವೊಂದರಲ್ಲಿ ಭಾನುವಾರಗಳಂದು ಕೌನ್ಸೆಲರ್, ಅಂದರೆ ಪಾಠಕ್ಕೆ ನೆರವಾಗುವವಳಾಗಿ, ದೂರಶಿಕ್ಷಣದ ಕೆಲಸಕ್ಕೆ ಬಂದವಳು. ಈಗ ಶಿಕ್ಷಕರಿಗಾಗಿ ನಡೆಯುವ ಆನ್‌ಲೈನ್ ಕೋರ್ಸುಗಳಲ್ಲಿ ಚರ್ಚೆ ನೋಡಿಕೊಳ್ಳುತ್ತೇನೆ. ಉತ್ತರಗಳು ಆ ಅನುಭವದವು.

ಪ್ರಶ್ನೆ: ಸರ್ಕಾರಿ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಮೂಡಲ್ ಎಂಬ ತಂತ್ರಾಂಶದಲ್ಲಿ ನಡೆಯುವ ನಮ್ಮ ಆನ್‌ಲೈನ್ ಪಾಠದ ತಾಣದಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ವಾರಕ್ಕೊಂದು ಚರ್ಚೆಯ ಪ್ರಶ್ನೆ ಹಾಕಬೇಕು. ‘ಜಿ.ಎಸ್.ಟಿ.ಯ ಅನುಕೂಲ ಮತ್ತು ಅನಾನುಕೂಲಗಳನ್ನು ಚರ್ಚಿಸಿ’ ಎಂದು ಹಾಕಿದೆ. ಬೆರಳೆಣಿಕೆಯಷ್ಟು ಮಂದಿ ಬರೆದರು, ಅದೂ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಂತಿತ್ತು. ಮಕ್ಕಳಿಗೆ ಆಸಕ್ತಿಯೇ ಇಲ್ಲವೇ ಮೇಡಂ? — ಉಪನ್ಯಾಸಕಿ, ಹಾಸನ

ಉತ್ತರ: ಮಕ್ಕಳ ಆಸಕ್ತಿಯ ಮಾತು ಆಮೇಲೆ. ಮೊದಲು ನಿಮ್ಮ ಪ್ರಶ್ನೆಯನ್ನು ನೋಡೋಣ. ಅದರ ಉತ್ತರ ಪಠ್ಯಪುಸ್ತಕದಲ್ಲಿದೆ, ಗೈಡಿನಲ್ಲಿದೆ, ಅನುಕೂಲ ಐದು, ಅನಾನುಕೂಲ ನಾಲ್ಕು ಎಂದು ಎಣಿಸಿಯೇ ಇಟ್ಟಿದ್ದಾರೆ. ಮೊದಲನೆಯವನು ಬರೆದುಬಿಟ್ಟರೆ ಎರಡನೆಯವಳಿಗೆ ಹೇಳಲು ಏನು ಉಳಿಯಿತು? ಇದು ಪರೀಕ್ಷೆಯ ಪ್ರಶ್ನೆ. ಚರ್ಚೆಗೆ ಬೇಕಾದ ಪ್ರಶ್ನೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಬೇರೆ ಬೇರೆ ಸಾಮಗ್ರಿ ಇರಬೇಕು.

ಅದೇ ವಿಷಯವನ್ನು ಹೀಗೆ ಕೇಳಿ ನೋಡಿ: ‘ಈ ವಾರ ನಿಮ್ಮ ಊರಿನ ಒಂದು ಅಂಗಡಿ ಅಥವಾ ಹೋಟೆಲಿನ ಬಿಲ್ಲನ್ನು ತೆಗೆದುಕೊಂಡು ಬನ್ನಿ. ತೆರಿಗೆ ಎಷ್ಟು ಸಾಲುಗಳಲ್ಲಿದೆ? ಇಲ್ಲದಿದ್ದರೆ ಏಕೆ ಇಲ್ಲ ಎಂದು ನಿಮಗೆ ಅನಿಸುತ್ತದೆ?’ ಒಬ್ಬ ಹೋಟೆಲಿನ ಬಿಲ್ಲು ತರುತ್ತಾನೆ. ಅದರಲ್ಲಿ ಕೇಂದ್ರದ ಪಾಲು ಶೇಕಡಾ ಎರಡೂವರೆ, ರಾಜ್ಯದ ಪಾಲು ಶೇಕಡಾ ಎರಡೂವರೆ ಎಂದು ಎರಡು ಸಾಲು ಇರುತ್ತವೆ. ಇನ್ನೊಬ್ಬಳು ಬೇಕರಿಯ ಬಿಲ್ಲು ತರುತ್ತಾಳೆ. ಅದರಲ್ಲಿ ತೆರಿಗೆಯ ಸಾಲೇ ಇಲ್ಲ. ಮೂರನೆಯವನಿಗೆ ಸಿಕ್ಕಿದ್ದು ಬಿಳಿ ಚೀಟಿಯಲ್ಲಿ ಪೆನ್ನಿನಿಂದ ಬರೆದ ಮೊತ್ತ ಮಾತ್ರ. ‘ಹಾಗಾದರೆ ಬೇಕರಿಯವರು ತೆರಿಗೆ ಕಟ್ಟುತ್ತಿಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಣ್ಣ ವ್ಯಾಪಾರಿಗಳು ತಮ್ಮ ವಹಿವಾಟಿನ ಒಂದು ಸಣ್ಣ ಪಾಲನ್ನು ತೆರಿಗೆಯಾಗಿ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ವ್ಯಾಪಾರಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ತಾನು ಆ ಯೋಜನೆಯಲ್ಲಿರುವುದಾಗಿ ಬಿಲ್ಲಿನ ಮೇಲೆ ನಮೂದಿಸಬೇಕು ಎನ್ನುವುದು ನಿಮಗೆ ಗೊತ್ತು. ದಯವಿಟ್ಟು ಮೊದಲ ದಿನವೇ ಅದನ್ನು ಹೇಳಬೇಡಿ. ‘ಆ ಬಿಲ್ಲಿನ ಮೇಲ್ಭಾಗದಲ್ಲಿ ಸಣ್ಣಕ್ಷರದಲ್ಲಿ ಏನಿದೆ, ಓದಿ ಹೇಳುತ್ತೀಯಾ?’ ಎಂದಷ್ಟೇ ಕೇಳಿ. ಉಳಿದದ್ದನ್ನು ಅವರೇ ಹುಡುಕುತ್ತಾರೆ.

ಒಬ್ಬರದನ್ನು ನೋಡಿ ಒಬ್ಬರು ಬರೆಯುವುದಕ್ಕೆ ಮೂಡಲ್‌ನಲ್ಲೇ ಒಂದು ಉಪಾಯವಿದೆ. ಚರ್ಚೆಯನ್ನು ಹೊಸದಾಗಿ ಸೇರಿಸುವಾಗ ಅದರ ಬಗೆಯನ್ನು ಆರಿಸುವ ಜಾಗದಲ್ಲಿ ಪ್ರಶ್ನೋತ್ತರ ಮಾದರಿಯನ್ನು ಆರಿಸಿ. ತಾನು ಬರೆಯುವವರೆಗೆ ಬೇರೆಯವರ ಉತ್ತರ ವಿದ್ಯಾರ್ಥಿಗೆ ಕಾಣುವುದಿಲ್ಲ. ಬರೆದ ಮೇಲೂ ತಿದ್ದುವ ಅವಧಿ, ಸಾಮಾನ್ಯವಾಗಿ 30 ನಿಮಿಷ, ಕಳೆಯಬೇಕು. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಪುಟ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಬರೆಯುತ್ತಾರೆ.

ಇನ್ನೊಂದು ಮಾತು. ನೀವು ಪಾಠವನ್ನು ಮೊದಲ ವಾರವೇ ಶುರುಮಾಡಿದ್ದೀರಿ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಗಿಲಿ ಸ್ಯಾಮನ್ ಆನ್‌ಲೈನ್ ಚರ್ಚೆ ಬೆಳೆಯುವ ಬಗೆಯನ್ನು ಐದು ಹಂತಗಳಾಗಿ ವಿವರಿಸಿದ್ದಾರೆ. ಒಳಗೆ ಬರಲು ನೆರವು ಮತ್ತು ಉತ್ತೇಜನ, ಪರಸ್ಪರ ಪರಿಚಯ, ಮಾಹಿತಿಯ ವಿನಿಮಯ, ಕೂಡಿ ತಿಳಿವನ್ನು ಕಟ್ಟುವುದು, ಕೊನೆಗೆ ಕಲಿಯುವವರು ತಮ್ಮ ಕಾಲಮೇಲೆ ನಿಲ್ಲುವುದು. ನಮ್ಮಲ್ಲಿ ಬಹಳಷ್ಟು ಮಂದಿ ಮೊದಲ ಸೋಮವಾರವೇ ನಾಲ್ಕನೆಯ ಹಂತಕ್ಕೆ ಹಾರುತ್ತೇವೆ. ನಿಮ್ಮ ತರಗತಿಯಲ್ಲಿ ಸಕಲೇಶಪುರದ ಕಾಫಿ ತೋಟದ ಕಡೆಯವರೂ ಅರಸೀಕೆರೆಯ ತೆಂಗಿನ ಸೀಮೆಯವರೂ ಇರಬಹುದು. ‘ನಿಮ್ಮ ಊರ ಸಂತೆ ಯಾವ ದಿನ? ಅಲ್ಲಿ ನಗದು ಕೊಟ್ಟೇ ಕೊಳ್ಳಬೇಕಾದದ್ದು ಯಾವುದು?’ ಎಂಬಂಥ, ತಪ್ಪಾಗಲು ಸಾಧ್ಯವೇ ಇಲ್ಲದ ಪ್ರಶ್ನೆಯಿಂದ ಮೊದಲ ವಾರ ಶುರುವಾಗಲಿ. ಒಮ್ಮೆ ಬರೆದ ಕೈ ಎರಡನೆಯ ಸಲ ಅಷ್ಟು ಹಿಂಜರಿಯುವುದಿಲ್ಲ.

ಉತ್ತರಗಳು ಬರತೊಡಗಿದಾಗ ಪ್ರತಿಯೊಂದಕ್ಕೂ ನೀವೇ ಉತ್ತರಿಸುತ್ತಾ ಕೂರಬೇಡಿ. ಹಾಗೆ ಮಾಡಿದರೆ ಎಲ್ಲರೂ ನಿಮ್ಮೊಡನೆ ಮಾತಾಡುತ್ತಾರೆ, ತಮ್ಮತಮ್ಮಲ್ಲಿ ಮಾತಾಡುವುದಿಲ್ಲ. ಇಬ್ಬರನ್ನು ಜೋಡಿಸಿ: ‘ನೀನು ಬೇಕರಿಯ ಬಗ್ಗೆ ಬರೆದದ್ದಕ್ಕೂ ಮೇಲೆ ಅವಳು ಔಷಧಿ ಅಂಗಡಿಯ ಬಗ್ಗೆ ಬರೆದದ್ದಕ್ಕೂ ಎಲ್ಲಿ ವ್ಯತ್ಯಾಸವಿದೆ?’ ಶನಿವಾರ ಎಲ್ಲವನ್ನೂ ಮತ್ತೊಮ್ಮೆ ಓದಿ, ಯಾರು ಏನು ಹೇಳಿದರು, ಎಲ್ಲಿ ಒಪ್ಪಿದರು, ಯಾವುದು ಇನ್ನೂ ಇತ್ಯರ್ಥವಾಗಿಲ್ಲ ಎಂಬುದನ್ನು ಹೆಸರು ಹಿಡಿದು ಹತ್ತು ಹನ್ನೆರಡು ಸಾಲಿನಲ್ಲಿ ಬರೆಯಿರಿ. ಚರ್ಚೆ ನಡೆಸುವವರ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ದೊಡ್ಡದೆಂದು ನಂಬಿರುವುದು ಇದನ್ನು. ತನ್ನ ಮಾತನ್ನು ಮೇಷ್ಟ್ರು ಓದಿದ್ದಾರೆ, ಇನ್ನೊಬ್ಬರ ಮಾತಿನ ಪಕ್ಕದಲ್ಲಿಟ್ಟು ತೂಗಿದ್ದಾರೆ ಎಂದು ಕಂಡ ಹುಡುಗ ಮುಂದಿನ ವಾರ ಕರೆಯದೆಯೂ ಬರುತ್ತಾನೆ.

ಎಷ್ಟು ಸಲ ಬರೆದರು ಎಂದು ಎಣಿಸಿ ಅಂಕ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಬಿಡಿಸಲು ಪ್ರಯತ್ನಿಸಿ. ‘ಒಪ್ಪುತ್ತೇನೆ’, ‘ಚೆನ್ನಾಗಿ ಹೇಳಿದಿರಿ’ ಎಂಬ ಸಾಲುಗಳಿಂದ ಪುಟ ತುಂಬುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತೆಗೆದುಕೊಂಡಿರುವ ಎನ್‌ಪಿಟಿಇಎಲ್ ಕೋರ್ಸಿಗೆ ನಾನು ಮೆಂಟರ್. ಕೋರ್ಸಿನ ಚರ್ಚೆ ನಡೆಯುವುದು ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳು ಅಲ್ಲಿ ಒಂದು ಸಾಲೂ ಬರೆಯುವುದಿಲ್ಲ. ಎಲ್ಲವನ್ನೂ ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ನನ್ನನ್ನೇ ಕೇಳುತ್ತಾರೆ. ಅವರ ಪರವಾಗಿ ನಾನೇ ಅಲ್ಲಿ ಕೇಳಲೇ? — ಸಹಾಯಕ ಪ್ರಾಧ್ಯಾಪಕ, ಕಲಬುರಗಿ

ಉತ್ತರ: ಬೇಡ. ನೀವು ಕೇಳಿದರೆ ಕೇಳುವ ಕಲೆ ನಿಮಗೆ ಬರುತ್ತದೆ, ಅವರಿಗೆ ಬರುವುದಿಲ್ಲ. ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಐ.ಐ.ಎಸ್‌ಸಿ. ಸೇರಿ ನಡೆಸುವ ಈ ಪಾಠಗಳು ಕಲಬುರಗಿಯ ಹುಡುಗಿಯ ಫೋನಿಗೆ ಬರುತ್ತಿರುವುದು ದೊಡ್ಡ ಸಂಗತಿ. ವಿಡಿಯೊ ನೋಡುವುದು ಅದರ ಅರ್ಧ. ಪಾಠದ ತಂಡವನ್ನು ನೇರವಾಗಿ ಪ್ರಶ್ನಿಸುವ ಹಕ್ಕು ಇನ್ನೊಂದರ್ಧ, ಅದನ್ನು ಅವರು ಬಿಟ್ಟುಕೊಡಬಾರದು.

ನಡುವೆ ಒಂದು ಮೆಟ್ಟಿಲು ಕಟ್ಟಿ. ಕಾಲೇಜಿನ ಗುಂಪಿನಲ್ಲಿ ಕನ್ನಡದಲ್ಲೇ ಕೇಳಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಸರಿ, ಧ್ವನಿ ಸಂದೇಶ ಕಳುಹಿಸಿದರೂ ಸರಿ. ನೀವು ಮಾತ್ರ ಉತ್ತರವನ್ನು ಅಚ್ಚುಕಟ್ಟಾಗಿ ಬರೆಯಿರಿ. ಆದರೆ ‘ಸರ್, ಮೂರನೇ ಲೆಕ್ಕ ಬರುತ್ತಿಲ್ಲ’ ಎಂಬುದನ್ನು ಪ್ರಶ್ನೆಯೆಂದು ಒಪ್ಪಿಕೊಳ್ಳಬೇಡಿ. ಮೂರು ವಿಷಯ ಕೇಳಿ: ಏನು ಮಾಡಿದೆ, ಏನು ಬಂತು, ಏನು ಬರಬೇಕಿತ್ತು ಎಂದುಕೊಂಡಿದ್ದೆ. ಪ್ರೋಗ್ರಾಮಿಂಗ್ ಕೋರ್ಸಾದರೆ ಕೋಡಿನ ಆ ಐದು ಸಾಲನ್ನೂ ದೋಷದ ಸಂದೇಶವನ್ನೂ ಅಂಟಿಸಲಿ. ಇಷ್ಟನ್ನು ಬರೆಯುವ ಹೊತ್ತಿಗೆ ಅನೇಕರಿಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಹೊಳೆಯದಿದ್ದರೆ ಅದೇ ಮೂರು ಸಾಲು ಸರಳ ಇಂಗ್ಲಿಷಿಗೆ ಹೋಗಲಿ, ವಿದ್ಯಾರ್ಥಿಯ ಹೆಸರಿನಲ್ಲೇ ಹೋಗಲಿ. ವ್ಯಾಕರಣ ತಿದ್ದಿ ನುಣುಪು ಮಾಡಲು ಹೋಗಬೇಡಿ. ಅರ್ಥವಾದರೆ ಸಾಕು. ಬಂದ ಉತ್ತರವನ್ನು ಕೇಳಿದವಳೇ ಗುಂಪಿಗೆ ಕನ್ನಡದಲ್ಲಿ ವಿವರಿಸಲಿ.

ಒಂದು ಎಚ್ಚರಿಕೆ: ವಾರದ ಅಸೈನ್‌ಮೆಂಟಿನ ಗಡುವು ಮುಗಿಯುವ ಮುನ್ನ ಉತ್ತರ ಹೇಳುವಂತಿಲ್ಲ. ‘ಎರಡನೆಯ ಉಪನ್ಯಾಸದ ಉದಾಹರಣೆಯನ್ನು ಮತ್ತೆ ನೋಡು, ಅಲ್ಲಿ ಅಂಕಿ ಧನವಾಗಿತ್ತು, ಇಲ್ಲಿ ಋಣವಾಗಿದೆ’ ಎಂದು ದಾರಿ ತೋರಿಸಬಹುದು. ಈ ಗೆರೆ ಎಲ್ಲಿದೆ ಎಂದು ಮಕ್ಕಳಿಗೆ ಮೊದಲ ವಾರವೇ ಹೇಳಿಬಿಡಿ.

ರಾತ್ರಿ ಹನ್ನೊಂದರ ಸಂದೇಶಗಳಿಗೆ ಬೆಳಿಗ್ಗೆ ಉತ್ತರಿಸಿ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿಯ ನಡುವೆ ಒಂದು ಆನ್‌ಲೈನ್ ಕೋರ್ಸು ಓದುತ್ತಿದ್ದೇನೆ. ಕಷ್ಟಪಟ್ಟು ಎರಡು ಪುಟ ಬರೆದರೆ ಟ್ಯೂಟರ್ ಕಡೆಯಿಂದ ಬರುವುದು ‘ಗುಡ್’ ಎಂಬ ಒಂದು ಪದ. ಒಮ್ಮೆ ‘ಇನ್ನೂ ಸುಧಾರಿಸಬೇಕು’ ಎಂದಿತ್ತು. ಏನನ್ನು ಎಂದು ತಿಳಿಯಲಿಲ್ಲ. ಚರ್ಚೆಗಳನ್ನು ಓದುತ್ತೇನೆ, ಬರೆಯುವುದಿಲ್ಲ. ಅದು ತಪ್ಪೇ? — ಮಂಗಳೂರಿನಿಂದ ಒಬ್ಬರು

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು. ಪಾಳಿ ಮುಗಿಸಿ ನಿದ್ದೆ ಬಿಟ್ಟು ಬರೆದವರಿಗೆ ಒಂದು ಪದದ ಉತ್ತರ ಕೊಡುವುದು ಸರಿಯಲ್ಲ, ಅದನ್ನು ಯಾವ ಕಾರಣಕ್ಕೂ ಸಮರ್ಥಿಸಲು ನಾನು ಸಿದ್ಧಳಿಲ್ಲ. ಇಗ್ನೋದಲ್ಲಿ ಅಸೈನ್‌ಮೆಂಟು ತಿದ್ದುವವರಿಗೆ ತರಬೇತಿ ಕೊಡುವಾಗ ಟಿಪ್ಪಣಿಗಳನ್ನು ಬಗೆಬಗೆಯಾಗಿ ವಿಂಗಡಿಸಿ ತೋರಿಸುತ್ತಾರೆ. ಅದರಲ್ಲಿ ಟೊಳ್ಳು ಟಿಪ್ಪಣಿ ಎಂಬುದೂ ಒಂದು ಬಗೆ. ‘ಗುಡ್’, ‘ಪರವಾಗಿಲ್ಲ’, ‘ಸುಧಾರಿಸಿ’ ಎಲ್ಲವೂ ಅದೇ ಸಾಲಿಗೆ ಸೇರುತ್ತವೆ. ಓದಿದವನು ಮುಂದೇನು ಮಾಡಬೇಕೆಂದು ಅವು ಹೇಳುವುದಿಲ್ಲ.

ಈ ಅಂಕಣ ಓದುವ ಟ್ಯೂಟರುಗಳಿಗಾಗಿ ಬರೆಯುತ್ತೇನೆ. ಪಾಳಿ ಬದಲಾಗುವಾಗ ರೋಗಿಯ ಮಾಹಿತಿಯನ್ನು ಮುಂದಿನ ನರ್ಸಿಗೆ ಒಪ್ಪಿಸುವುದರ ಬಗ್ಗೆ ಒಬ್ಬರು ಬರೆದಿದ್ದಾರೆ ಎಂದುಕೊಳ್ಳಿ. ಟಿಪ್ಪಣಿ ಹೀಗಿರಬಹುದು: ‘ಗಡಿಬಿಡಿಯಲ್ಲಿ ಮಾಹಿತಿ ಬಿಟ್ಟುಹೋಗುತ್ತದೆ ಎಂದು ಎರಡನೆಯ ಪ್ಯಾರಾದಲ್ಲಿ ಹೇಳಿದ್ದೀರಿ, ಅದು ನೀವೇ ಕಂಡದ್ದು ಎಂದು ತಿಳಿಯುತ್ತದೆ. ಹೆಚ್ಚಾಗಿ ಬಿಟ್ಟುಹೋಗುವುದು ಯಾವುದು, ಔಷಧಿಯ ಹೊತ್ತೋ ಅಲರ್ಜಿಯ ವಿಷಯವೋ? ಒಂದು ಉದಾಹರಣೆ ಸೇರಿಸಿದರೆ ಕೊನೆಯಲ್ಲಿ ನೀವು ಸೂಚಿಸಿದ ಪಟ್ಟಿಗೆ ಆಧಾರ ಸಿಗುತ್ತದೆ.’ ಬರೆದವರ ಒಂದು ಮಾತನ್ನು ಹಿಡಿದು ತೋರಿಸುವುದು, ಒಂದು ಪ್ರಶ್ನೆ, ಮುಂದಿನ ಒಂದು ಹೆಜ್ಜೆ. ಬರೆಯಲು ನಾಲ್ಕು ನಿಮಿಷ ಬೇಕು. ನಿಜವಾಗಿ ಹೊತ್ತು ಹಿಡಿಯುವುದು ಅದಕ್ಕೂ ಮುಂಚಿನ ಓದು.

ನಿಮ್ಮ ವಿಷಯಕ್ಕೆ ಬಂದರೆ, ‘ನನ್ನ ಉತ್ತರದಲ್ಲಿ ದುರ್ಬಲವಾದ ಒಂದು ಜಾಗ ಯಾವುದು, ತೋರಿಸುವಿರಾ?’ ಎಂದು ಟ್ಯೂಟರಿಗೆ ಬರೆಯಿರಿ. ಒಂದು ಜಾಗ ಎಂದು ಕೇಳಿ. ಇಡೀ ಬರಹದ ಬಗ್ಗೆ ಕೇಳಿದರೆ ಮತ್ತೆ ‘ಗುಡ್’ ಎಂದೇ ಬರುವ ಸಂಭವವಿದೆ. ಚರ್ಚೆಯನ್ನು ಓದಿ ಸುಮ್ಮನಿರುವುದು ತಪ್ಪಲ್ಲ. ಬರೆಯುವವರಿಗಿಂತ ಓದುವವರು ಹೆಚ್ಚಿರುವುದು ಎಲ್ಲ ಕೋರ್ಸುಗಳಲ್ಲೂ ಇರುವ ಸಂಗತಿ. ಓದುತ್ತಾ ಕಲಿಯುವವರನ್ನು ಸೋಮಾರಿಗಳೆಂದು ಎಣಿಸುವ ಟ್ಯೂಟರುಗಳ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ವಾರ್ಡಿನಲ್ಲಿ ನೀವು ಕಂಡದ್ದು ಆ ಕೋರ್ಸಿನಲ್ಲಿ ಬೇರೆ ಯಾರೂ ಕಂಡಿರಲಿಕ್ಕಿಲ್ಲ. ರೋಗಿಯ ಗುರುತು ಸಿಗದಂತೆ ಅದನ್ನೊಮ್ಮೆ ಬರೆಯಿರಿ.

ಪ್ರಶ್ನೆ: ವಿದ್ಯಾರ್ಥಿಯ ಪ್ರಶ್ನೆಗೆ ಎಷ್ಟು ಬೇಗ ಉತ್ತರಿಸಬೇಕು? — ಬೆಳಗಾವಿ

ಉತ್ತರ: ಎಷ್ಟು ಹೊತ್ತಿನೊಳಗೆ ಎಂದು ನೀವು ಮೊದಲೇ ಹೇಳಿದ್ದೀರೋ ಅಷ್ಟರೊಳಗೆ. ಕೆಲಸದ ದಿನಗಳಲ್ಲಿ ಒಂದು ದಿನ ಎಂದು ನಾನು ಹೇಳುತ್ತೇನೆ, ಹಾಗೆಯೇ ನಡೆದುಕೊಳ್ಳುತ್ತೇನೆ. ಲಾಗಿನ್ ಆಗುತ್ತಿಲ್ಲ, ಕಡತ ತೆರೆಯುತ್ತಿಲ್ಲ ಎಂಬ ದೂರಿಗೆ ಕೂಡಲೇ ಉತ್ತರಿಸಿ, ಅಲ್ಲಿ ಕಾಯಿಸುವುದರಿಂದ ಯಾರೂ ಏನೂ ಕಲಿಯುವುದಿಲ್ಲ. ವಿಷಯದ ಪ್ರಶ್ನೆಗಾದರೆ ಸ್ವಲ್ಪ ತಡೆಯಿರಿ. ಸಹಪಾಠಿಯೊಬ್ಬ ಉತ್ತರಿಸಲು ಆ ಅವಕಾಶ ಬೇಕು.

ಪ್ರಶ್ನೆ: ನಾನು ಬಿ.ಆರ್.ಪಿ., ಅಂದರೆ ಬ್ಲಾಕ್ ಮಟ್ಟದಲ್ಲಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ಪ್ರಾಥಮಿಕ ಶಾಲಾ ಶಿಕ್ಷಕರ ಆನ್‌ಲೈನ್ ಕೋರ್ಸಿನಲ್ಲಿ ಚರ್ಚೆ ನೋಡಿಕೊಳ್ಳುತ್ತೇನೆ. ಮಕ್ಕಳನ್ನು ಅನುತ್ತೀರ್ಣಗೊಳಿಸಬೇಕೇ ಬೇಡವೇ ಎಂಬ ಮಾತು ಬಂತು. ಹಿರಿಯ ಮುಖ್ಯೋಪಾಧ್ಯಾಯರೊಬ್ಬರು ಎಲ್ಲದಕ್ಕೂ ಉದ್ದುದ್ದ ಬರೆದರು. ವಿರೋಧಿಸಿದ ಯುವ ಶಿಕ್ಷಕಿಗೆ ‘ನಿನ್ನೆ ಮೊನ್ನೆ ಬಂದವರು, ಎಂಥ ಮನೆತನದಿಂದ ಬಂದವರು ಎಂದು ಮಾತಿನಲ್ಲೇ ತಿಳಿಯುತ್ತದೆ’ ಎಂದುಬಿಟ್ಟರು. ಆಕೆ ಆಮೇಲೆ ಬರೆದಿಲ್ಲ. ಅವರು ನನಗಿಂತ ಹಿರಿಯರು. ಏನು ಮಾಡಲಿ? — ಶಿವಮೊಗ್ಗ ಜಿಲ್ಲೆ

ಉತ್ತರ: ಇವತ್ತೇ ಮಾಡಿ. ಆ ಸಾಲು ಅಲ್ಲಿರುವ ಪ್ರತಿ ಗಂಟೆಯೂ ಉಳಿದವರೆಲ್ಲ ನಿಮ್ಮನ್ನು ನೋಡುತ್ತಿರುತ್ತಾರೆ.

ಮೊದಲು ಆ ಬರಹದ ಪ್ರತಿಯೊಂದನ್ನು ಇಟ್ಟುಕೊಂಡು ಪುಟದಿಂದ ತೆಗೆಯಿರಿ. ಆಮೇಲೆ ಫೋನ್ ಮಾಡಬೇಕಾದದ್ದು ಶಿಕ್ಷಕಿಗೆ, ಮುಖ್ಯೋಪಾಧ್ಯಾಯರಿಗಲ್ಲ. ‘ಆ ಮಾತು ತಪ್ಪು, ತೆಗೆದಿದ್ದೇನೆ, ನಿಮ್ಮ ವಾದ ಹಾಗೇ ಇದೆ’ ಎಂದು ಹೇಳಿ. ಮತ್ತೆ ಬರೆಯಲೇಬೇಕೆಂದು ಒತ್ತಾಯಿಸಬೇಡಿ. ಮನೆತನದ ಮಾತು ಜಾತಿಯತ್ತ ಬೆರಳು ಮಾಡಿದೆ ಎಂದು ಆಕೆಗೆ ಅನಿಸಿದ್ದರೆ, ಅದನ್ನು ನೀವೇ ಮಧ್ಯಸ್ಥಿಕೆ ಮಾಡಿ ಮುಗಿಸಲು ಹೋಗಬಾರದು. ಪ್ರತಿಯ ಸಮೇತ ಕೋರ್ಸಿನ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ. ಮುಂದೇನು ಎಂಬ ತೀರ್ಮಾನ ಆಕೆಯದಾಗಿರಲಿ.

ಹಿರಿಯರೊಡನೆ ಫೋನಿನಲ್ಲೇ ಮಾತಾಡಿ, ಪುಟದ ಮೇಲೆ ಬೇಡ. ‘ಸರ್, ನಿಮ್ಮ ವಾದವನ್ನು ಉಳಿಸಿಕೊಂಡಿದ್ದೇನೆ. ಆಕೆಯ ಮನೆತನದ ಬಗ್ಗೆ ಬರೆದದ್ದನ್ನು ತೆಗೆದಿದ್ದೇನೆ. ಅಂಥ ಮಾತಿಗೆ ಇಲ್ಲಿ ಜಾಗವಿಲ್ಲ’ ಎಂದು ಗೌರವದಿಂದಲೇ, ಸುತ್ತಿಬಳಸದೆ ಹೇಳಿ. ವಯಸ್ಸಿಗೆ ಕೊಡುವ ಮರ್ಯಾದೆ ಬಹುವಚನದಲ್ಲಿ ಇರಲಿ. ನಿಯಮ ಎಲ್ಲರಿಗೂ ಒಂದೇ. ಪುಟದ ಮೇಲೆ ಯಾರ ಹೆಸರನ್ನೂ ಹೇಳದೆ ಎರಡು ಸಾಲು ಹಾಕಿ: ವೈಯಕ್ತಿಕ ಮಾತೊಂದನ್ನು ತೆಗೆಯಲಾಗಿದೆ, ಚರ್ಚೆ ಮುಂದುವರಿಯಲಿ.

ಅವರು ಉದ್ದುದ್ದ ಬರೆಯುವುದು ಬೇರೆಯೇ ಸಮಸ್ಯೆ, ಅದನ್ನು ಇದಕ್ಕೆ ಬೆರೆಸಬೇಡಿ. ಅಂಥವರಲ್ಲಿ ನಿಜವಾದ ಅನುಭವ ಇರುತ್ತದೆ. ‘ಈ ವಾರ ಎಲ್ಲರ ಅಭಿಪ್ರಾಯಗಳ ಸಾರಾಂಶ ನೀವು ಬರೆದುಕೊಡಬೇಕು, ನಿಮ್ಮ ಅಭಿಪ್ರಾಯವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ’ ಎಂದು ಕೇಳಿ. ಸಾರಾಂಶ ಬರೆಯಬೇಕಾದರೆ ಉಳಿದವರನ್ನು ಓದಲೇಬೇಕು.

ಚರ್ಚೆಯ ವಿಷಯವನ್ನಂತೂ ಕೈಬಿಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದನ್ನು ತಡೆದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಯಲ್ಲಿ ಅದಕ್ಕೆ ಅವಕಾಶ ಕೊಡುವ ಅಧಿಕಾರವನ್ನು ಸರ್ಕಾರಗಳಿಗೆ ಬಿಟ್ಟಿತು. ಇಷ್ಟನ್ನು ನೀವೇ ಮೇಲೆ ಬರೆದಿಟ್ಟುಬಿಟ್ಟರೆ ಕಾಯ್ದೆಯಲ್ಲಿ ಏನಿದೆ ಎಂಬ ಜಗಳ ತಪ್ಪುತ್ತದೆ. ಆಮೇಲೆ ‘ಸರಿಯೋ ತಪ್ಪೋ’ ಎಂದು ಕೇಳಬೇಡಿ, ಅದು ಎರಡು ಪಕ್ಷ ಕಟ್ಟುವ ಪ್ರಶ್ನೆ. ‘ಐದನೆಯ ತರಗತಿಗೆ ಬಂದರೂ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬಾರದ ಒಂದು ಮಗುವನ್ನು ನೆನೆಯಿರಿ. ಹೆಸರು ಬರೆಯಬೇಡಿ. ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂತರೆ ಅದಕ್ಕೆ ಏನು ಬದಲಾಗುತ್ತದೆ, ಯಾರು ಬದಲಾಯಿಸುತ್ತಾರೆ?’ ಎಂದು ಕೇಳಿ. ನಿಮ್ಮ ಗುಂಪಿನಲ್ಲಿ ನಲಿಕಲಿ ನಡೆಸಿದವರು ಇದ್ದೇ ಇರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ, ಒಂದು ಮೈಲಿಗಲ್ಲು ಮುಗಿದ ಮೇಲೆ ಇನ್ನೊಂದು. ಪಾಸು, ನಪಾಸು ಎಂಬ ಮಾತಿಗೆ ಅಲ್ಲಿ ಬೇರೆಯದೇ ಅರ್ಥ ಬರುತ್ತದೆ. ಅದನ್ನು ನಡೆಸಿದ ಶಿಕ್ಷಕಿಯೊಬ್ಬರನ್ನು ಹೆಸರು ಹಿಡಿದು ಕರೆಯಿರಿ: ‘ಏಣಿಯಲ್ಲಿ ಹಿಂದೆ ಉಳಿದ ಮಗುವಿಗೆ ನೀವು ಏನು ಮಾಡುತ್ತಿದ್ದಿರಿ?’ ಎಂದು. ಮಾತು ತರಗತಿಯ ನೆಲಕ್ಕೆ ಇಳಿದರೆ ಬಿಸಿ ತಾನಾಗಿಯೇ ಇಳಿಯುತ್ತದೆ.

ಪ್ರಶ್ನೆ: ಈಗ ಅರ್ಧದಷ್ಟು ಉತ್ತರಗಳು ಚಾಟ್‌ಜಿಪಿಟಿ ಬರೆದುಕೊಟ್ಟಂತೆ ಕಾಣುತ್ತವೆ. ಹಿಡಿಯುವುದು ಹೇಗೆ? — ತುಮಕೂರು

ಉತ್ತರ: ಹಿಡಿಯುವ ಕೆಲಸಕ್ಕೆ ಇಳಿಯಬೇಡಿ. ಯಂತ್ರದ ಬರಹವನ್ನು ಪತ್ತೆಮಾಡುತ್ತೇವೆಂದು ಹೇಳುವ ತಂತ್ರಾಂಶಗಳು ಮನುಷ್ಯರು ಬರೆದದ್ದನ್ನೂ ತಪ್ಪಾಗಿ ಗುರುತಿಸುತ್ತವೆ. ಒಬ್ಬ ಪ್ರಾಮಾಣಿಕ ವಿದ್ಯಾರ್ಥಿಯ ಮೇಲೆ ಸಂದೇಹ ಹೊರಿಸಿದರೆ ಆ ಗಾಯವನ್ನು ಮಾಯಿಸುವುದು ಕಷ್ಟ. ಉತ್ತರ ಯಾರೇ ಬರೆದಿರಲಿ, ಅದನ್ನು ಅವರದೆಂದೇ ಹಿಡಿದು ಮುಂದಿನ ಪ್ರಶ್ನೆ ಕೇಳಿ. ‘ಅಂತರ್ಜಲ ಮರುಪೂರಣ ಬೇಕು ಎಂದಿದ್ದೀಯಲ್ಲ, ನಿಮ್ಮ ಊರ ಕೆರೆಯಲ್ಲಿ ಕಳೆದ ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇತ್ತು? ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ? ಅಜ್ಜನನ್ನು ಕೇಳಿಕೊಂಡು ಬಾ.’ ಇದಕ್ಕೆ ಮನೆಯವರನ್ನೇ ಕೇಳಬೇಕು, ಕೆರೆಯ ಏರಿಯ ಮೇಲೆಯೇ ನಡೆದು ನೋಡಬೇಕು. ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ಹೇಳಲಿ ಎಂದರೆ ಇನ್ನೂ ಒಳ್ಳೆಯದು. ಉಪಕರಣ ಬಳಸಿದ್ದರೆ ಮುಚ್ಚಿಡದೆ ಹೇಳಲು ಅವಕಾಶ ಕೊಡಿ, ಅದರ ಉತ್ತರದಲ್ಲಿ ನಮ್ಮ ಊರಿಗೆ ಹೊಂದದ ಮಾತು ಯಾವುದೆಂದು ಅವರೇ ಗುರುತಿಸಲಿ.

ಪ್ರಶ್ನೆ: ನೇರಪ್ರಸಾರದ ತರಗತಿಯಲ್ಲಿ ಎಲ್ಲರ ಕ್ಯಾಮೆರಾ ಬಂದ್, ಮೈಕ್ ಬಂದ್. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. — ಬಳ್ಳಾರಿ

ಉತ್ತರ: ಕ್ಯಾಮೆರಾವನ್ನು ಬಿಟ್ಟುಬಿಡಿ. ಡೇಟಾ ಖರ್ಚಾಗುತ್ತದೆ, ಮನೆಯಲ್ಲಿ ಪ್ರತ್ಯೇಕ ಕೋಣೆ ಇರುವುದಿಲ್ಲ, ಹೆಣ್ಣುಮಕ್ಕಳಿಗೆ ಅಡುಗೆಮನೆಯಿಂದಲೇ ಪಾಠ ಕೇಳಬೇಕಾದ ಪರಿಸ್ಥಿತಿ ಇರುತ್ತದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಸಾಮಾನ್ಯ ತರಗತಿಗಳಲ್ಲೇ ಕಂಡುಕೊಂಡಿದ್ದರು. ಆನ್‌ಲೈನಿನಲ್ಲಿ ಮೈಕ್ ಗುಂಡಿ ಹುಡುಕುವ ಹೊತ್ತನ್ನೂ ಸೇರಿಸಿ ಹತ್ತು ಸೆಕೆಂಡು ಕಾಯಿರಿ. ಆ ಮೌನವನ್ನು ನೀವೇ ಮಾತಾಡಿ ತುಂಬಬೇಡಿ.

ಇನ್ನೊಂದು ಕ್ರಮ ಚೆನ್ನಾಗಿ ನಡೆಯುತ್ತದೆ. ಪ್ರಶ್ನೆ ಕೇಳಿ, ಎಲ್ಲರೂ ಚಾಟ್‌ನಲ್ಲಿ ಉತ್ತರ ಬರೆದಿಟ್ಟುಕೊಳ್ಳಲಿ, ಆದರೆ ಕಳುಹಿಸದಿರಲಿ. ಒಂದು ನಿಮಿಷ ಕಳೆದ ಮೇಲೆ ‘ಈಗ ಕಳುಹಿಸಿ’ ಎನ್ನಿ. ಎಲ್ಲ ಉತ್ತರಗಳೂ ಒಟ್ಟಿಗೆ ಬರುವುದರಿಂದ ಮೊದಲನೆಯವನಾಗಿ ತಪ್ಪು ಬರೆಯುವ ಭಯ ಯಾರಿಗೂ ಇರುವುದಿಲ್ಲ. ಅದರಲ್ಲಿ ಒಂದಕ್ಕೊಂದು ಹೊಂದದ ಎರಡು ಉತ್ತರಗಳನ್ನು ಗಟ್ಟಿಯಾಗಿ ಓದಿ, ಬರೆದ ಇಬ್ಬರನ್ನೂ ಮೈಕಿಗೆ ಕರೆಯಿರಿ. ಮಾತು ಶುರುವಾದ ಮೇಲೆ ನಿಮ್ಮ ಮೈಕ್ ಬಂದ್ ಮಾಡಿ, ಕೇಳಿಸಿಕೊಳ್ಳಿ.